ನಮ್ಮ ಸಂಜೆ ಯಾರ ಕೈಲಿದೆ?



*ಇಂದಿನ ಧಮ್ಮ ಚಿಂತನೆ: ಗೃಹಸ್ಥ ಜೀವನ ಮತ್ತು ಮಕ್ಕಳು*

ಇಂದಿನ ಪಾಠ ಬರೆಯುವ ಸರದಿ ನನ್ನದು. ಸುತ್ತದಿಂದ ಶುರು ಮಾಡುವ ಮೊದಲು ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ಹೇಳಿಕೊಳ್ಳಲು ನಾಚಿಕೆ. ಆದರೆ ನಮ್ಮ ಬಳಗದಲ್ಲಿ ಹೇಳಿಕೊಳ್ಳದಿದ್ದರೆ ಇನ್ನೆಲ್ಲಿ ಹೇಳಿಕೊಳ್ಳಲಿ?

ಎರಡು ವರ್ಷದ ಹಿಂದಿನ ಒಂದು ಭಾನುವಾರ. ಬೆಳಿಗ್ಗೆ ಮನೆಯವರೆಲ್ಲ ಬುದ್ಧರ ಮತ್ತು ಬಾಬಾಸಾಹೇಬರ ಪಟದ ಮುಂದೆ ಕೂತು ತ್ರಿಸರಣ, ಪಂಚಶೀಲ ಹೇಳಿ ಎದ್ದಿದ್ದೆವು. ಸಂಜೆ ನನ್ನ ಫೋನ್ ರಿಂಗಾಯಿತು. ಕಾರಿನ ಸಾಲ ಕೊಟ್ಟವರ ನಂಬರು. ಆ ತಿಂಗಳ ಕಂತು ಕಟ್ಟಿರಲಿಲ್ಲ. ಆಗ ಎಂಟು ವರ್ಷದವನಾಗಿದ್ದ ಮಗನ ಕೈಗೆ ಫೋನ್ ಕೊಟ್ಟು, “ಅಪ್ಪ ಫೋನ್ ಬಿಟ್ಟು ಹೊರಗೆ ಹೋಗಿದ್ದಾರೆ ಅಂತ ಹೇಳು” ಅಂದೆ. ಅವನು ಒಂದು ಅಕ್ಷರ ತಪ್ಪದೆ ಹಾಗೇ ಹೇಳಿದ. ಹೇಳಿ ಮುಗಿಸಿ, ಚೆನ್ನಾಗಿ ಹೇಳಿದೆನಾ ಎಂಬಂತೆ ನನ್ನ ಮುಖ ನೋಡಿ ನಕ್ಕ.

ಬೆಳಿಗ್ಗೆ ಅದೇ ಬಾಯಲ್ಲಿ ನಾಲ್ಕನೆಯ ಶೀಲ ಹೇಳಿಸಿದ್ದೆ. ಸಂಜೆ ಅದೇ ಬಾಯಲ್ಲಿ ಸುಳ್ಳು ಹೇಳಿಸಿದೆ. ಅವನ ಆ ನಗು ನನಗೆ ಎಷ್ಟೋ ರಾತ್ರಿ ನಿದ್ದೆ ಕೊಡಲಿಲ್ಲ.

*ಒಂದು ಪಾತ್ರೆ ನೀರಿನ ಪಾಠ*

ಅದಾದ ಕೆಲವೇ ದಿನಗಳಲ್ಲಿ ನಮ್ಮ ಬಳಗದಲ್ಲಿ ಮಜ್ಝಿಮ ನಿಕಾಯದ ಅಂಬಲಟ್ಠಿಕ ರಾಹುಲೋವಾದ ಸುತ್ತ ಓದಿದೆವು. ಬುದ್ಧರು ತಮ್ಮ ಮಗ ರಾಹುಲನಿಗೆ ಸುಳ್ಳಿನ ಬಗ್ಗೆ ಹೇಳಿದ ಪಾಠ ಅದು. ಓದಿದವರು ಇನ್ನೊಮ್ಮೆ ನೆನಪು ಮಾಡಿಕೊಳ್ಳಿ. ಓದದವರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ.

ಬುದ್ಧರು ರಾಜಗೃಹದ ವೇಳುವನದಲ್ಲಿದ್ದರು. ರಾಹುಲ ಅಂಬಲಟ್ಠಿಕದಲ್ಲಿದ್ದ. ಸಂಜೆ ಧ್ಯಾನದಿಂದ ಎದ್ದ ಬುದ್ಧರು ಮಗನಿದ್ದಲ್ಲಿಗೆ ತಾವೇ ಹೋದರು. ರಾಹುಲ ಆಸನ ಹಾಕಿ, ಕಾಲು ತೊಳೆಯಲು ನೀರಿಟ್ಟ. ಬುದ್ಧರು ಕಾಲು ತೊಳೆದು, ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ ತೋರಿಸಿದರು. ಬೇಕೆಂದೇ ಸುಳ್ಳು ಹೇಳಿ ನಾಚಿಕೆಪಡದವನ ಒಳ್ಳೆಯತನ ಇಷ್ಟೇ ಉಳಿದಿರುತ್ತದೆ ಎಂದರು. ಆ ನೀರನ್ನೂ ಚೆಲ್ಲಿದರು. ಪಾತ್ರೆಯನ್ನು ಬೋರಲು ಹಾಕಿದರು. ಮತ್ತೆ ನೆಟ್ಟಗಿಟ್ಟು ಅದು ಖಾಲಿಯಾಗಿರುವುದನ್ನು ತೋರಿಸಿದರು. ತಮಾಷೆಗೂ ಸುಳ್ಳು ಹೇಳದಿರುವುದನ್ನು ಕಲಿ ಎಂದರು. ಆಮೇಲೆ ಕನ್ನಡಿ ಯಾತಕ್ಕಿದೆ ಎಂದು ಕೇಳಿ, ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವಂತೆ ಪ್ರತಿ ಕೆಲಸವನ್ನೂ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೊಳ್ಳಬೇಕು ಎಂದು ವಿವರಿಸಿದರು.

ಈ ಪಾಠ ಸಾಮ್ರಾಟ ಅಶೋಕರಿಗೆ ಎಷ್ಟು ಮುಖ್ಯವಾಗಿತ್ತೆಂದರೆ, ರಾಜಸ್ಥಾನದ ಬೈರಾಟ್‌ನಲ್ಲಿ ಸಿಕ್ಕ ಅವರ ಶಾಸನದಲ್ಲಿ ಭಿಕ್ಷುಗಳೂ ಉಪಾಸಕರೂ ಮತ್ತೆಮತ್ತೆ ಕೇಳಬೇಕಾದ ಧಮ್ಮಪಾಠಗಳ ಪಟ್ಟಿ ಇದೆ. ಅದರಲ್ಲಿ ರಾಹುಲನಿಗೆ ಸುಳ್ಳಿನ ಬಗ್ಗೆ ಹೇಳಿದ ಈ ಪಾಠವೂ ಇದೆ. ನಮ್ಮದೇ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲೂ ತಂದೆತಾಯಿಯರ ಸೇವೆ, ಪ್ರಾಣಿಗಳ ಮೇಲೆ ದಯೆ, ಸತ್ಯ ನುಡಿಯುವುದು ಇವನ್ನು ಅಶೋಕರು ಒಟ್ಟಿಗೇ ಹೇಳಿದ್ದಾರೆ.

ಆ ದಿನ ನನ್ನ ಮನಸ್ಸಿಗೆ ನಾಟಿದ್ದು ಬೇರೆ ಎರಡು ಸಂಗತಿ. ಒಂದು, ಬುದ್ಧರು ಪಾಠಕ್ಕೆ ಬಳಸಿದ್ದು ಕಾಲು ತೊಳೆದು ಉಳಿದ ನೀರು. ಅದಕ್ಕೆ ದುಡ್ಡು ಬೇಕಿರಲಿಲ್ಲ. ಎರಡು, ಅವರು ಸಂಜೆ ಮಗನ ಬಳಿಗೆ ಹೋದರು. ಅಷ್ಟು ಹೊತ್ತು ಅವನ ಜೊತೆ ಕೂತರು.

ನನಗೆ ಆ ಸಂಜೆಯೇ ಇರಲಿಲ್ಲ. ಏಕೆ ಇರಲಿಲ್ಲ ಎಂದು ಲೆಕ್ಕ ಹಾಕಿದೆ.

*ಸಂಜೆ ಎಲ್ಲಿ ಹೋಯಿತು?*

ನಾನು ಮೈಸೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಮನೆಯವರು ಸ್ಟಾಫ್ ನರ್ಸ್. ಇಬ್ಬರ ಸಂಬಳದಲ್ಲಿ ಮನೆ ನಡೆಯುತ್ತದೆ. ಕಾರಿನ ಕಂತು ಬಂದ ಮೇಲೆ ನಾನು ವಾರಕ್ಕೆ ನಾಲ್ಕು ದಿನ ಓಟಿ ಮಾಡತೊಡಗಿದೆ. ಮನೆಗೆ ಬರುವಾಗ ರಾತ್ರಿ ಒಂಬತ್ತೂವರೆ. ಅವರಿಗೆ ಶಿಫ್ಟ್ ಇದ್ದ ದಿನ ಮಕ್ಕಳನ್ನು ಸುಮ್ಮನೆ ಕೂರಿಸಲು ಮೊಬೈಲು. ಸುಸ್ತಿಗೆ ಹೊರಗಿನ ಊಟ. ಹೊರಗಿನ ಊಟಕ್ಕೆ ಇನ್ನಷ್ಟು ಖರ್ಚು. ಖರ್ಚಿಗೆ ಇನ್ನಷ್ಟು ಓಟಿ. ಅಷ್ಟಾದರೂ ಒಂದು ತಿಂಗಳು ಕಂತು ತಪ್ಪಿತು, ಫೋನ್ ಬಂತು, ಮಗ ಸುಳ್ಳು ಹೇಳಿದ.

ಕಾರು ಯಾಕೆ ಬೇಕಿತ್ತು? ಬರೀ ಶೋಕಿ ಎಂದು ನನ್ನನ್ನು ನಾನು ಬೈದುಕೊಂಡರೆ ಅದೂ ಸುಳ್ಳಾಗುತ್ತದೆ. ನಮ್ಮ ತಾತ ಊರೊಳಗಿನ ಬೀದಿಯಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆದವರು. ಅದೇ ಬೀದಿಯಲ್ಲಿ ಚಿಕ್ಕಪ್ಪನ ಮಗನ ಮದುವೆಗೆ ನಾನು ಕಾರಿನಲ್ಲಿ ಇಳಿದಾಗ ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆ ಆಸೆಯನ್ನು ತಪ್ಪು ಎನ್ನಲಾರೆ. ಬಾಬಾಸಾಹೇಬರು ಸೂಟು ಬೂಟು ಹಾಕಿದ್ದರ ಅರ್ಥ ನಮಗೆ ಗೊತ್ತು. 1927ರಲ್ಲಿ ಮಹಾಡಿನಲ್ಲಿ ಅವರು ನಮ್ಮ ಹೆಣ್ಣುಮಕ್ಕಳಿಗೆ ಜಾತಿಯ ಗುರುತು ಹೇಳುವ ಉಡುಗೆ ತೊಡುಗೆ ಬಿಡಿ, ಶುಚಿಯಾಗಿ ಉಡಿ ಎಂದು ಹೇಳಿದ್ದರ ಅರ್ಥವೂ ಗೊತ್ತು. ಘನತೆ ನಮಗೆ ಅನ್ನದಷ್ಟೇ ಮುಖ್ಯ.

ಆದರೆ ಘನತೆಗೆ ತಂದ ಕಾರು, ನನ್ನ ಮಗನಿಂದ ಸುಳ್ಳು ಹೇಳಿಸುವಂತೆ ಮಾಡಿದ ಮೇಲೆ ಅದರಲ್ಲಿ ಘನತೆ ಎಷ್ಟು ಉಳಿಯಿತು? ಆ ಪಾತ್ರೆಯಲ್ಲಿ ಉಳಿದ ನೀರಿನಷ್ಟು.

*ಸರಳತೆ ಬೇರೆ, ಬಡತನ ಬೇರೆ*

“ಸರಳವಾಗಿ ಬದುಕಿ” ಎಂದು ಯಾರಾದರೂ ಹೇಳಿದರೆ ನಮ್ಮ ಜನಕ್ಕೆ ಸಿಟ್ಟು ಬರುತ್ತದೆ. ಬರಬೇಕು ಕೂಡ. ತಲೆಮಾರುಗಟ್ಟಲೆ ನಮ್ಮನ್ನು ಅರೆಹೊಟ್ಟೆಯಲ್ಲಿಟ್ಟವರು ಈಗ ಸರಳತೆಯ ಉಪದೇಶ ಮಾಡಿದರೆ ನಾವು ಕೇಳಬೇಕಿಲ್ಲ. ಬುದ್ಧರು ಬಡತನವನ್ನು ಹೊಗಳಲಿಲ್ಲ ಎಂಬುದನ್ನು ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಸ್ಪಷ್ಟವಾಗಿ ಎತ್ತಿ ತೋರಿಸಿದ್ದಾರೆ.

ಅಂಗುತ್ತರ ನಿಕಾಯದಲ್ಲಿ ಬುದ್ಧರು ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ಹೇಳುತ್ತಾರೆ.

1. ನ್ಯಾಯವಾಗಿ ದುಡಿದ ಸಂಪತ್ತು ನನ್ನ ಬಳಿ ಇದೆ ಎಂಬ ಸುಖ.
2. ಅದನ್ನು ಅನುಭವಿಸಿ, ಅದರಿಂದ ಒಳಿತು ಮಾಡುವ ಸುಖ.
3. ಯಾರಿಗೂ ಸಾಲ ಕೊಡಬೇಕಾಗಿಲ್ಲ ಎಂಬ ಸುಖ.
4. ಕಾಯ, ಮಾತು, ಮನಸ್ಸುಗಳಲ್ಲಿ ತಪ್ಪಿಲ್ಲ ಎಂಬ ಸುಖ.

ಮೊದಲ ಎರಡನ್ನು ನೋಡಿ. ಇರಬೇಕು, ಅನುಭವಿಸಬೇಕು. ಬುದ್ಧರು ಬೇಡ ಎನ್ನಲಿಲ್ಲ. ಆದರೆ ನಾಲ್ಕರಲ್ಲಿ ನಾಲ್ಕನೆಯದೇ ಹೆಚ್ಚಿನದು ಎಂದರು. ನಾನು ಎರಡನೆಯ ಸುಖಕ್ಕಾಗಿ ಮೂರನೆಯದನ್ನೂ ನಾಲ್ಕನೆಯದನ್ನೂ ಮಾರಿಕೊಂಡಿದ್ದೆ. ನನ್ನ ತಪ್ಪು ಇದ್ದದ್ದು ಅಲ್ಲಿ.

ಸಿಗಾಲೋವಾದ ಸುತ್ತದಲ್ಲಿ ಇನ್ನೂ ಲೆಕ್ಕವಾಗಿ ಹೇಳಿದ್ದಾರೆ. ಆದಾಯವನ್ನು ನಾಲ್ಕು ಪಾಲು ಮಾಡಿ, ಒಂದು ಪಾಲು ಅನುಭವಿಸಲು, ಎರಡು ಪಾಲು ದುಡಿಮೆಗೆ, ಇನ್ನೊಂದು ಪಾಲು ಕಷ್ಟಕಾಲಕ್ಕೆ. ಸಂಬಳದವರಿಗೆ ಇದು ಹಾಗೇ ಹೊಂದದಿರಬಹುದು. ಮನೆ ಬಾಡಿಗೆಗೇ ಎಷ್ಟೋ ಹೋಗುತ್ತದೆ. ಆದರೆ ಅದರ ತಿರುಳು ಹೊಂದುತ್ತದೆ: ಇನ್ನೂ ದುಡಿಯದ ದುಡ್ಡನ್ನು ಮೊದಲೇ ಅನುಭವಿಸಿ ಮುಗಿಸುವ ಪಾಲು ಆ ನಾಲ್ಕರಲ್ಲಿ ಇಲ್ಲ.

ನಾವು ಕೂತು ಮಾತಾಡಿ ಕಾರು ಮಾರಿದೆವು. ಸಾಲ ತೀರಿಸಿ ಕೈಗೆ ಬಂದದ್ದು ಅಷ್ಟಕ್ಕಷ್ಟೇ. ಸ್ಕೂಟರ್ ಉಳಿಸಿಕೊಂಡೆವು. ಓಟಿ ಬಿಟ್ಟೆ. ಆರೂಕಾಲಿಗೆ ಮನೆ ಸೇರತೊಡಗಿದೆ.

*ಸಂಜೆ ಯಾರು ಗಳಿಸಿಕೊಟ್ಟದ್ದು?*

ಅವ್ವ ಹುಡುಗಿಯಾಗಿದ್ದಾಗ ಅವಳ ಅಪ್ಪ ಜೀತಕ್ಕಿದ್ದರು. ಜೀತದವರಿಗೆ ಸಂಜೆ ಎಂಬುದಿರಲಿಲ್ಲ. ದನ ಕಟ್ಟಿ, ಮೇವು ಹಾಕಿ, ಒಡೆಯ ಹೋಗು ಅಂದ ಮೇಲೆ ಮನೆ. ಅಷ್ಟು ಹೊತ್ತಿಗೆ ಮಕ್ಕಳು ನಿದ್ದೆ. ಅಪ್ಪನ ಮುಖವನ್ನು ಬೆಳಕಿನಲ್ಲಿ ನೋಡಿದ ನೆನಪೇ ಕಡಿಮೆ ಎಂದು ಅವ್ವ ಹೇಳುತ್ತಾಳೆ. ಜೀತ ಪದ್ಧತಿ ರದ್ದು ಮಾಡುವ ಕಾನೂನು ದೇಶಕ್ಕೆ ಬಂದದ್ದು 1976ರಲ್ಲಿ.

ಕಾರ್ಖಾನೆಯವರ ಸಂಜೆಗೂ ಒಂದು ಚರಿತ್ರೆ ಇದೆ. 1942ರಿಂದ 1946ರವರೆಗೆ ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರಕ್ಕೆ 54 ಗಂಟೆ ಇದ್ದ ದುಡಿಮೆಯನ್ನು 48 ಗಂಟೆಗೆ ಇಳಿಸುವ ತಿದ್ದುಪಡಿಯನ್ನು ಅವರು ತಂದರು. 1946ರಲ್ಲಿ ಅದು ಕಾನೂನಾಯಿತು. ಅದಕ್ಕೂ ಮುಂಚೆ 1928ರಲ್ಲಿ ಬಾಣಂತಿಯರಿಗೆ ಸಂಬಳದ ರಜೆ ಸಿಗಬೇಕೆಂಬ ಮಸೂದೆಯ ಪರವಾಗಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಮಾತನಾಡಿದ್ದರು. ಸಿಗಾಲೋವಾದದಲ್ಲೂ ಯಜಮಾನ ದುಡಿಯುವವರಿಗೆ ಮಾಡಬೇಕಾದ ಐದು ಕರ್ತವ್ಯಗಳಲ್ಲಿ ಸಕಾಲಕ್ಕೆ ಬಿಡುವು ಕೊಡುವುದು ಒಂದು.

ಹೀಗಾಗಿ ಬಂಧುಗಳೇ, ನಿಧಾನವಾಗಿ ಬದುಕುವುದು ಉಳ್ಳವರ ಫ್ಯಾಷನ್ ಎಂದು ತಳ್ಳಿಹಾಕಬೇಡಿ. ಬಿಡುವು ನಮಗೆ ಹೋರಾಟದಿಂದ ಬಂದದ್ದು. ಮೀಸಲಾತಿಯ ಹಾಗೆ, ಮತದಾನದ ಹಾಗೆ, ಸಂಜೆಯೂ ಬಾಬಾಸಾಹೇಬರು ನಮಗೆ ಬಿಟ್ಟುಹೋದ ಆಸ್ತಿ. ಅದನ್ನು ಬೇಡದ ಕಂತಿಗೂ ಮೊಬೈಲಿಗೂ ನಾವೇ ಒತ್ತೆ ಇಡಬಾರದು.

ಇಲ್ಲಿ ಒಂದು ಮಾತು. ಎರಡು ಕಡೆ ದುಡಿದರಷ್ಟೇ ಒಲೆ ಉರಿಯುವ ಮನೆಗಳು ನಮ್ಮ ಬಳಗದಲ್ಲೇ ಇವೆ. ನಸುಕಿನಲ್ಲೇ ಬೀದಿಗಿಳಿಯುವ ಪೌರಕಾರ್ಮಿಕ ತಾಯಂದಿರಿದ್ದಾರೆ. ಈ ಪಾಠ ಅವರ ಮೇಲೆ ಹೊರಿಸುವ ತಪ್ಪಲ್ಲ. ಅವರ ಸಂಜೆಗಾಗಿ ಕೂಲಿ, ಕಾಯಂ, ರಜೆಗಳ ಹೋರಾಟ ಇನ್ನೂ ಮುಗಿದಿಲ್ಲ. ಅಲ್ಲಿಯವರೆಗೆ, ಸಂಜೆ ಸಿಕ್ಕವರು ಸಿಗದವರ ಮಕ್ಕಳನ್ನೂ ನಮ್ಮ ಮನೆಯ ಚಾಪೆಯ ಮೇಲೆ ಕೂರಿಸಿ ಓದಿಸಬೇಕು. ಸಂಘ ಎಂದರೆ ಅದೂ ಸೇರಿದ್ದು.

*ಮೊಮ್ಮಗನ ಕೈಯಲ್ಲಿ ಪೊರಕೆ*

ಸಂಜೆ ಸಿಕ್ಕಿತು. ಏನು ಮಾಡುವುದು? ಮೊದಲ ವಾರ ನಾನೂ ಮಕ್ಕಳೂ ಒಟ್ಟಿಗೆ ಟಿವಿ ನೋಡಿದೆವು, ಅಷ್ಟೇ. ಆಮೇಲೆ ಮನೆಗೆಲಸ ಹಂಚಿಕೊಂಡೆವು. ಮಗಳಿಗೆ ಹನ್ನೆರಡು ವರ್ಷ. ಅವಳೊಬ್ಬಳೇ ಅಮ್ಮನ ಜೊತೆ ಮಾಡುತ್ತಿದ್ದ ಕೆಲಸವನ್ನು ನಾಲ್ವರಿಗೂ ಪಾಲು ಮಾಡಿದೆವು. ಹಿಂದೂ ಸಂಹಿತೆ ಮಸೂದೆಗೆ ಅಡ್ಡಿ ಬಂದದ್ದು ಮುಖ್ಯ ಕಾರಣವಾಗಿ 1951ರಲ್ಲಿ ಮಂತ್ರಿ ಪದವಿ ಬಿಟ್ಟವರ ಮಕ್ಕಳು ನಾವು. ಮನೆಯಲ್ಲಿ ಹೆಣ್ಣುಮಗಳ ಕೈಗೊಂದು, ಗಂಡುಮಗನ ಕೈಗೊಂದು ನ್ಯಾಯ ಇರಬಾರದು. ಸೊಪ್ಪು ಬಿಡಿಸುವುದು ನನಗೆ, ಪಾತ್ರೆ ಒರೆಸುವುದು ಮಗಳಿಗೆ, ಗುಡಿಸುವುದು ಮಗನಿಗೆ.

ಅವನು ಪೊರಕೆ ಹಿಡಿದ ದಿನ ಅವ್ವ ಕೂಗಿದಳು. “ಊರವರ ಕೊಟ್ಟಿಗೆ ಗುಡಿಸಿ, ಸಗಣಿ ಬಾಚಿ ನಿನ್ನ ಓದಿಸ್ದೆ ಕಣಪ್ಪ. ಈಗ ನನ್ನ ಮೊಮ್ಮಗನ ಕೈಗೂ ಪೊರಕೆ ಕೊಟ್ಯಾ?”

ಆ ರಾತ್ರಿ ಅವ್ವ ಉಣ್ಣಲಿಲ್ಲ. ನನಗೂ ಅನ್ನ ಇಳಿಯಲಿಲ್ಲ. ಅವಳದು ಅಜ್ಞಾನವಲ್ಲ. ಪೊರಕೆ ನಮ್ಮ ಕೈಗೆ ಹೇಗೆ ಬಂತು ಎಂದು ಅವಳ ಬೆನ್ನಿಗೆ ಗೊತ್ತು.

ಮರುದಿನ ಅವಳ ಪಕ್ಕ ಕೂತು, ವಿನಯಪಿಟಕದಲ್ಲಿ ಬರುವ ಘಟನೆ ಹೇಳಿದೆ. ಒಬ್ಬ ಭಿಕ್ಷುವಿಗೆ ಭೇದಿ ಹಿಡಿದು ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಉಳಿದವರು ನೋಡಿಕೊಳ್ಳಲಿಲ್ಲ. ಬುದ್ಧರು ಆನಂದನಿಂದ ನೀರು ತರಿಸಿದರು. ತಾವು ನೀರು ಹಾಕಿದರು, ಆನಂದ ತೊಳೆದ. ಒಬ್ಬರು ತಲೆಯ ಕಡೆ, ಒಬ್ಬರು ಕಾಲಿನ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಅರಮನೆಯಲ್ಲಿ ಬೆಳೆದ ಕೈಗಳು ಅವು. ಯಾರೂ ಬಲವಂತ ಮಾಡಿರಲಿಲ್ಲ. “ಅವ್ವಾ, ನಿನ್ನ ಕೈಗೆ ಬೇರೆಯವರು ಪೊರಕೆ ತುರುಕಿದರು. ಇವನು ತಾನು ಬದುಕುವ ಮನೆಯನ್ನು ತಾನು ಗುಡಿಸುತ್ತಾನೆ. ತಾನು ಮಾಡಿದ ಕಸವನ್ನು ಬೇರೆಯವರು ತೆಗೆಯಲಿ ಅಂತ ಅವನು ಕಲಿತರೆ, ನಾಳೆ ಅವನೂ ಒಬ್ಬ ಒಡೆಯನೇ ಆಗುತ್ತಾನೆ” ಅಂದೆ. ಅವಳು ಏನೂ ಹೇಳಲಿಲ್ಲ.

ಮಕ್ಕಳಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಲೇಬೇಕು. ನಮ್ಮ ಮನೆ, ನಮ್ಮ ವಿಹಾರ, ಎಲ್ಲರೂ ಸೇರಿ ಮಾಡುವ ಸ್ವಚ್ಛತೆ, ಇವು ಶ್ರಮ. ಶಾಲೆಯಲ್ಲಿ ನಮ್ಮ ಮಕ್ಕಳನ್ನೇ ಆರಿಸಿ ಶೌಚಾಲಯ ತೊಳೆಸಿದರೆ ಅದು ಶ್ರಮವಲ್ಲ, ಅಸ್ಪೃಶ್ಯತೆ. ಅಂಥದ್ದು ಆದರೆ ಮನೆಗೆ ಬಂದು ಹೇಳು, ಹೆದರಬೇಡ, ನಾವು ಬರುತ್ತೇವೆ ಎಂದು ಇಬ್ಬರಿಗೂ ಹೇಳಿದ್ದೇವೆ. ದಿನಾ ಸಂಜೆ ಜೊತೆಗೆ ಕೂರುವ ಅಪ್ಪ ಅಮ್ಮನಿಗೆ ಮಾತ್ರ ಮಕ್ಕಳು ಅಂಥ ಮಾತು ಹೇಳುತ್ತಾರೆ.

ಈಗ ಅವ್ವ ಹೊಸ್ತಿಲ ಮೇಲೆ ಕೂತು, “ಆ ಮೂಲೆ ಬಿಟ್ಬುಟ್ಟೆ ನೋಡು” ಎಂದು ಮೊಮ್ಮಗನಿಗೆ ಹೇಳಿಕೊಡುತ್ತಾಳೆ. ಆದರೂ ಅವನು ಪೊರಕೆ ಎತ್ತಿಕೊಂಡ ಗಳಿಗೆಯಲ್ಲಿ ಅವಳ ಮುಖ ಒಂದು ಕ್ಷಣ ಬಾಡುತ್ತದೆ. ಅದನ್ನು ಅಳಿಸುವ ಮಾತು ನನ್ನ ಬಳಿ ಇಲ್ಲ.

*ನಿಧಾನ ಎಂದರೆ ಸೋಮಾರಿತನವಲ್ಲ*

ನಮ್ಮ ಬಳಗದ ಅಣ್ಣನೊಬ್ಬರು ಕೇಳಿದರು: “ಬೇರೆಯವರ ಮಕ್ಕಳು ಓಡುತ್ತಿದ್ದಾರೆ. ನಮ್ಮವರು ನಿಧಾನ ಮಾಡಿದರೆ ಮತ್ತೆ ಹಿಂದೆ ಬೀಳುವುದಿಲ್ಲವೇ?” ನ್ಯಾಯವಾದ ಭಯ. ನಮ್ಮ ಮಕ್ಕಳಿಗೆ ಅಪ್ಪನ ಜಮೀನಿಲ್ಲ, ಅಂಗಡಿಯಿಲ್ಲ. ಓದೇ ಆಸ್ತಿ.

ಉತ್ತರ ಬಾಬಾಸಾಹೇಬರ ಬಾಲ್ಯದಲ್ಲಿದೆ. ಮುಂಬೈನ ಪರೇಲ್‌ನ ಚಾಳಿನಲ್ಲಿ ಇಡೀ ಕುಟುಂಬಕ್ಕೆ ಇದ್ದದ್ದು ಒಂದೇ ಕೋಣೆ. ತಂದೆ ರಾಮ್‌ಜಿ ಸಕ್ಪಾಲರು ಮಗನನ್ನು ಬೇಗ ಮಲಗಿಸಿ, ಗದ್ದಲ ಅಡಗಿದ ಮೇಲೆ ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಓದಲು ಕೂರಿಸುತ್ತಿದ್ದರು. ಅವರ ಬಳಿ ಇದ್ದದ್ದು ನಿವೃತ್ತ ಸುಬೇದಾರನ ಸಣ್ಣ ವರಮಾನ. ಆದರೆ ಮಗನ ಓದಿಗೆ ತಮ್ಮ ನಿದ್ದೆಯನ್ನೇ ಕೊಟ್ಟರು. ನಮ್ಮ ಮಕ್ಕಳನ್ನು ರಾತ್ರಿ ಎರಡಕ್ಕೆ ಎಬ್ಬಿಸಿ ಎಂದು ನಾನು ಹೇಳುತ್ತಿಲ್ಲ. ಪಕ್ಕದಲ್ಲಿ ಎಚ್ಚರವಾಗಿರುವ ಒಬ್ಬ ಅಪ್ಪ, ಒಬ್ಬ ಅಮ್ಮ ಬೇಕು ಎಂದಷ್ಟೇ.

ಧಮ್ಮದಲ್ಲಿ ಇದಕ್ಕೆ ‘ಅಪ್ಪಮಾದ’ ಎನ್ನುತ್ತಾರೆ. ಎಚ್ಚರ, ಮೈಮರೆಯದಿರುವುದು. ಒಂದೇ ಸಮ ಓಡುವವನೂ ಮೈಮರೆತಿರಬಹುದು. ನಿಧಾನವಾಗಿ ನಡೆಯುವವನು ಪೂರ್ತಿ ಎಚ್ಚರದಲ್ಲಿರಬಹುದು. ನಡಿಗೆಯ ಐದು ಲಾಭಗಳನ್ನು ಬುದ್ಧರು ಅಂಗುತ್ತರ ನಿಕಾಯದಲ್ಲಿ ಹೇಳಿದ್ದಾರೆ: ದೂರ ನಡೆಯುವ ಶಕ್ತಿ, ಪ್ರಯತ್ನಕ್ಕೆ ಬಲ, ಆರೋಗ್ಯ, ಉಂಡದ್ದು ಜೀರ್ಣವಾಗುವುದು, ನಡೆಯುತ್ತಾ ಪಡೆದ ಏಕಾಗ್ರತೆ ಬಹುಕಾಲ ಉಳಿಯುವುದು. ಭಾನುವಾರ ಬೆಳಿಗ್ಗೆ ನಾವು ನಾಲ್ವರೂ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತೇವೆ. ಮಗಳು ವಿಜ್ಞಾನದ ಪಾಠದಲ್ಲಿ ಅರ್ಥವಾಗದ್ದನ್ನು ಅಲ್ಲಿ ಕೇಳುತ್ತಾಳೆ. ನನಗೂ ಗೊತ್ತಿಲ್ಲದಿದ್ದರೆ “ಗೊತ್ತಿಲ್ಲ, ಮನೆಗೆ ಹೋಗಿ ಪುಸ್ತಕ ನೋಡೋಣ” ಅನ್ನುತ್ತೇನೆ. ಅದೂ ನಾಲ್ಕನೆಯ ಶೀಲವೇ.

*ಈ ವಾರದ ಅಭ್ಯಾಸ*

1. ಸಂಜೆಯ ಒಂದು ಗಂಟೆ ಗೊತ್ತು ಮಾಡಿ. ಆಗದವರು ಅರ್ಧ ಗಂಟೆ. ಆ ಹೊತ್ತು ಮನೆಯ ಎಲ್ಲ ಮೊಬೈಲುಗಳೂ ಒಂದೇ ಕಡೆ ಇರಲಿ. ಮೊದಲು ಅಪ್ಪ ಅಮ್ಮನದು.
2. ಒಂದು ಕೆಲಸವನ್ನು ಮಕ್ಕಳ ಜೊತೆ ಕೈಯಾರೆ ಮಾಡಿ. ಗಂಡು, ಹೆಣ್ಣು ಎಂಬ ಭೇದ ಬೇಡ.
3. ತಿಂಗಳ ಲೆಕ್ಕವನ್ನು ತಿಳಿಯುವ ವಯಸ್ಸಿನ ಮಕ್ಕಳ ಮುಂದೆ ಬರೆಯಿರಿ. ಯಾವುದು ಅನ್ನಕ್ಕೆ, ಯಾವುದು ಓದಿಗೆ, ಯಾವುದು ನಾಲ್ಕು ಜನ ನೋಡಲಿ ಎಂದು, ನೀವೇ ಗುರುತು ಹಾಕಿ.
4. ಮಲಗುವ ಮುಂಚೆ ರಾಹುಲನ ಕನ್ನಡಿ: ಇವತ್ತು ನನ್ನ ಯಾವ ಮಾತಿನಿಂದ, ಯಾವ ಕೆಲಸದಿಂದ ಯಾರಿಗಾದರೂ ನೋವಾಯಿತೇ? ದೊಡ್ಡವರು ಮೊದಲು ಹೇಳಲಿ.
5. ಅಕ್ಕಪಕ್ಕದ ಒಂದು ಮಗುವನ್ನಾದರೂ ನಿಮ್ಮ ಸಂಜೆಗೆ ಕರೆಯಿರಿ.

ನಮ್ಮ ಮನೆಯಲ್ಲಿ ನಾಲ್ಕನೆಯ ಅಭ್ಯಾಸ ಶುರುವಾದ ದಿನ ನಾನೇ ಮೊದಲು ಹೇಳಿದೆ. “ಆವತ್ತು ಫೋನಿನಲ್ಲಿ ನಿನ್ನಿಂದ ಸುಳ್ಳು ಹೇಳಿಸಿದೆ. ಅದು ನನ್ನ ತಪ್ಪು, ನಿನ್ನದಲ್ಲ.” ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಅವರು ಮತ್ತೆ ಫೋನ್ ಮಾಡಿದ್ರೆ ಏನ್ ಹೇಳ್ಲಪ್ಪಾ?”

“ಅಪ್ಪ ಇಲ್ಲೇ ಇದ್ದಾರೆ, ಕೊಡ್ತೀನಿ ಅನ್ನು” ಅಂದೆ.

ನಾಳಿನ ಪಾಠದಲ್ಲಿ ಸಿಗಾಲೋವಾದ ಸುತ್ತದ ತಂದೆತಾಯಿಯರ ಐದು ಕರ್ತವ್ಯಗಳನ್ನು ನೋಡೋಣ. ಈ ವಾರದ ನಿಮ್ಮ ಅನುಭವಗಳನ್ನು ಭಾನುವಾರ ವಿಹಾರದಲ್ಲಿ ಹಂಚಿಕೊಳ್ಳಿ, ಮಕ್ಕಳನ್ನೂ ಕರೆತನ್ನಿ. ಉಪಯುಕ್ತ ಎನಿಸಿದರೆ ನಿಮ್ಮ ಬಂಧುಗಳಿಗೂ ಕಳಿಸಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.

ನಮೋ ಬುದ್ಧಾಯ. ಜೈ ಭೀಮ್. 🙏